ಮಲ್ಲಸಮುದ್ರದಲ್ಲಿ ಒಂದು ಕಾರಿನ ಸಂಸಾರ

ಗದಗ ಪಟ್ಟಣದ ಗದ್ದಲವನ್ನು ಹಿಂದೆ ಬಿಟ್ಟು ಮುಳಗುಂದದ ರಸ್ತೆಯನ್ನು ಹಿಡಿದರೆ ನಾಲ್ಕಾರು ಕಿಲೋಮೀಟರಿನಲ್ಲಿಯೇ ಮಲ್ಲಸಮುದ್ರ. ಹೆಸರನ್ನು ಕೇಳಿ ಅಲೆಗಳನ್ನು ಕಲ್ಪಿಸಿಕೊಂಡು ಬರುವವರಿಗೆ ನಿರಾಶೆಯಾದೀತು. ಕೆರೆಯುಳ್ಳ ಊರನ್ನು ‘ಸಮುದ್ರ’ವೆಂದು ಕರೆಯುವುದು ಕನ್ನಡ ನಾಡಿನ ಹಳೆಯ ಔದಾರ್ಯ. ಇಲ್ಲಿ ಸಮುದ್ರದಂತೆ ಕಣ್ಣು ಹಾಯುವವರೆಗೂ ಹಬ್ಬಿರುವುದು ಎರೆಯ ಹೊಲ. ಮಳೆ ಬಿದ್ದಾಗ ಕಾಲನ್ನು ಹಿಡಿದರೆ ಬಿಡದ, ಬಿಸಿಲು ಕಾಯ್ದಾಗ ಬಾಯ್ದೆರೆದು ಬಿರಿಯುವ ಆ ಕರಿಯ ಮಣ್ಣು ಮುಂಗಾರಿನಲ್ಲಿ ಹೆಸರು, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿಗಳನ್ನೂ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನೂ ಕೊಡುತ್ತದೆ.

ಪ್ರವಾಸಿಗಳು ಇಲ್ಲಿ ನಿಲ್ಲುವುದಿಲ್ಲ. ಗದಗಿಗೆ ಬಂದವರು ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನನ್ನು ನೆನೆದು, ತ್ರಿಕೂಟೇಶ್ವರನ ಗುಡಿಯ ಕಂಬಗಳನ್ನು ನೋಡಿ, ಪೂರ್ವಕ್ಕೆ ಲಕ್ಕುಂಡಿಯತ್ತ ಓಡುತ್ತಾರೆ. ಈ ದಿಕ್ಕಿಗೆ ತಿರುಗಿದವರಾದರೋ ‘ಧರ್ಮಾಮೃತ’ವನ್ನು ಬರೆದ ನಯಸೇನನ ಮುಳಗುಂದವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಈಚೆಗೆ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬೀಳುತ್ತಿರುವುದು ಆಸ್ಪತ್ರೆಯ ಕಾರಣದಿಂದ. 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೇ ಸೀಮೆಯಲ್ಲಿ, ಇದೇ ರಸ್ತೆಯಲ್ಲಿದೆ. ಊರಿಗೆ ಊರೇ ಆಗಿ ಉಳಿದು, ಪಟ್ಟಣದ ನೆರಳೂ ಬಿದ್ದಿರುವ ಇಂಥ ಸ್ಥಳಗಳಲ್ಲಿ ಒಂದು ವಿಚಿತ್ರವಾದ ಪ್ರಶ್ನೆ ಹುಟ್ಟುತ್ತದೆ. ಪಟ್ಟಣ ಇಷ್ಟು ಹತ್ತಿರವಿರುವಾಗ ಮನೆಗೊಂದು ಕಾರು ಬೇಕೆ? ಬೇಡವೆನ್ನುವುದಾದರೆ, ಪಟ್ಟಣದ ಎಲ್ಲ ಅನುಕೂಲವೂ ಕೈಗೆ ಎಟುಕುವಷ್ಟರಲ್ಲಿಯೇ ಇದ್ದು ನಡುರಾತ್ರಿಯಲ್ಲಿ ಎಟುಕದೆ ಹೋದರೆ?

ಈ ಪ್ರಶ್ನೆ ನಮಗೆ ಎದುರಾದದ್ದು ಶ್ರೀಮತಿಯ ಸೋದರಮಾವಂದಿರ ಮನೆಯಲ್ಲಿ. ಅವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು, ಊರಿಗೆಲ್ಲ ‘ಮಾಸ್ತರು.’ 2025ರ ಶ್ರಾವಣ ಮುಗಿಯುವ ಹೊತ್ತಿಗೆ ಅವರಿಂದ ಕರೆ ಬಂದಿತು. ಅವರ ಬಿಳಿಯ ಪುಟ್ಟ ಕಾರಿನ ನೋಂದಣಿಗೆ ಡಿಸೆಂಬರಿನಲ್ಲಿ ಹದಿನೈದು ವರ್ಷ ತುಂಬುವುದಿತ್ತು. ಬೆಂಗಳೂರಿನಲ್ಲಿರುವ ಹಿರಿಯ ಮಗ “ಮಾರಿಬಿಡಿ” ಎನ್ನುತ್ತಿದ್ದ. ಮನೆಯಲ್ಲಿಯೇ ಇದ್ದು ಒಕ್ಕಲುತನ ನೋಡಿಕೊಳ್ಳುವ ಕಿರಿಯ ಮಗ ಹೊಸದನ್ನು ಕೊಳ್ಳೋಣವೆನ್ನುತ್ತಿದ್ದ. ಮಾಸ್ತರರಿಗೆ ಎರಡೂ ಒಪ್ಪಿಗೆಯಿರಲಿಲ್ಲ. “ನೀವೂ ಒಮ್ಮೆ ಬಂದು ನೋಡ್ರಿ ಅಳಿಯಾರ, ಕಾರನ್ನೂ ನೋಡ್ರಿ, ನನ್ನನ್ನೂ ನೋಡ್ರಿ. ಇಬ್ಬರಿಗೂ ವಯಸ್ಸಾಗೇತಿ” ಎಂದು ನಕ್ಕರು. ಮಾಸ್ತರರಿಗೆ ಹೃದಯದ ತೊಂದರೆ. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯ ವೈದ್ಯರನ್ನು ಕಾಣಬೇಕು.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರು. ಹಿಂದೆ 63 ಎಂದು ಎಲ್ಲರ ಬಾಯಲ್ಲಿದ್ದ ರಾಷ್ಟ್ರೀಯ ಹೆದ್ದಾರಿಗೆ ಈಗ 67 ಎಂಬ ಸಂಖ್ಯೆ. ಅಲ್ಲಿ ಕಾರು ನಡೆಸುವುದಕ್ಕೆ ವಿಶೇಷ ಜಾಣತನವೇನೂ ಬೇಡ. ಜಾಣತನ ಬೇಕಾಗುವುದು ಗದಗ ದಾಟಿದ ಮೇಲೆ. ನಾವು ಮುಳಗುಂದದ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗಿರಲಿಲ್ಲ, ಡಾಂಬರು ಕಾಣದಂತಾಯಿತು. ರಸ್ತೆಯ ಒಂದು ಮಗ್ಗುಲಿನ ಉದ್ದಕ್ಕೂ ಹೆಸರಿನ ಗಿಡ ಹರಡಿತ್ತು. ಅಂಚಿಗೆ ಕಲ್ಲುಗಳ ಸಾಲು. ಕಲ್ಲಿನ ಪಕ್ಕದಲ್ಲಿ ಸೆರಗನ್ನು ತಲೆಗೆ ಹೊದ್ದು ಕುಳಿತ ಒಬ್ಬ ಅಜ್ಜಿ. ನಾವು ನಿಧಾನ ಮಾಡಿದುದನ್ನು ಕಂಡು ಆಕೆ ಎರಡೂ ಕೈಗಳಿಂದ ಕರೆದಳು, ‘ಬರ್ರಿ, ಇದರ ಮ್ಯಾಲೇ ಬರ್ರಿ’ ಎಂಬಂತೆ.

ಆ ಕರೆಯ ಹಿಂದೆ ಒಂದು ಇತಿಹಾಸವಿದೆ. ಹಿಂದೆ ಸುಗ್ಗಿಯ ಕಾಲಕ್ಕೆ ಹೊಲದಲ್ಲಿಯೇ ನೆಲವನ್ನು ಹದಮಾಡಿ, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಗಳ ಮೇಲೆ ಸುತ್ತಿಸುತ್ತಿದ್ದರು. ಅದೇ ಹಂತಿ. ರಾತ್ರಿಯೆಲ್ಲ ನಡೆಯುತ್ತಿದ್ದ ಆ ದುಡಿಮೆಯ ಬೇಸರವನ್ನು ಕಳೆಯಲು ಹಾಡುತ್ತಿದ್ದ ಹಂತಿಯ ಹಾಡುಗಳು ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ಒಂದು ದೊಡ್ಡ ಆಸ್ತಿ. ಈಗ ಎತ್ತುಗಳು ಕಡಿಮೆಯಾಗಿವೆ. ಕಣವನ್ನು ಮಾಡುವ ಕೈಗಳೂ ಕಡಿಮೆಯಾಗಿವೆ. ಯಂತ್ರವನ್ನು ಬಾಡಿಗೆಗೆ ತರುವಷ್ಟು ಬೆಳೆ ಸಣ್ಣ ಹಿಡುವಳಿಯವರಿಗೆ ಇರುವುದಿಲ್ಲ. ಮನೆಯ ಮುಂದೆಯೇ ಸರಕಾರ ಹಾಸಿಕೊಟ್ಟ ಕಲ್ಲಿನಂತಹ ಕರಿಯ ಕಣವಿದೆ. ಅದರ ಮೇಲೆ ಹಗಲಿರುಳು ಗಾಲಿಗಳು ಉರುಳುತ್ತವೆ. ಕೂಲಿ ಕೇಳುವುದಿಲ್ಲ, ಮೇವು ಕೇಳುವುದಿಲ್ಲ. ಗದಗಿಗೆ ಔಷಧ ತರಲು ಹೊರಟ ನಮ್ಮ ನಿಮ್ಮ ಕಾರುಗಳೇ ಇಂದಿನ ಹಂತಿಯ ಎತ್ತುಗಳು. ಹಾಡು ಮಾತ್ರ ನಿಂತುಹೋಗಿದೆ.

ಇದನ್ನು ಬರೆಯುವಾಗ ಪೇಟೆಯ ವಾಚಕರು ನಗಬಹುದು. ಆದರೆ ಈ ಸೀಮೆಯಲ್ಲಿ ಕಾರಿಟ್ಟುಕೊಂಡವರಿಗೆ ಇದು ನಗುವ ವಿಷಯವಲ್ಲ. ಹೆಸರಿನ ಬಳ್ಳಿ, ಹುರುಳಿಯ ಹೊಟ್ಟು ಗಾಲಿಯ ಅಚ್ಚಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಕಾರಿನ ಹೊಟ್ಟೆಯ ಕೆಳಗೆ ಹೊಗೆಯ ಕೊಳವೆಯಿದೆ. ಆ ಕೊಳವೆಯ ಮಾರ್ಗದಲ್ಲಿ ಹೊಗೆಯನ್ನು ಶುದ್ಧಿಗೊಳಿಸುವ ‘ಕನ್ವರ್ಟರ್’ ಎಂಬ ಡಬ್ಬಿಯಿದೆ. ಅದು ಕೆಲಸ ಮಾಡುವಾಗ ಅದರೊಳಗಿನ ಶಾಖ 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿರುತ್ತದೆ. ಒಣಗಿದ ಹೊಟ್ಟಿಗೆ ಬೆಂಕಿ ಹತ್ತಲು ಅಷ್ಟು ಶಾಖವೂ ಬೇಕಿಲ್ಲ. ನಡೆಯುತ್ತಿರುವ ಕಾರಿನ ಕೆಳಗೆ ಹೊಗೆಯಾಡುವುದು ಒಳಗೆ ಕುಳಿತವರಿಗೆ ತಿಳಿಯುವುದಿಲ್ಲ. ಹಿಂದೆ ಬರುವ ಬೈಕಿನವನು ಕೂಗಿ ಹೇಳಿದಾಗಲೇ ತಿಳಿಯುವುದು. ಹೀಗೆ ರಸ್ತೆಯ ಮೇಲಿನ ಹೊಟ್ಟಿನಿಂದ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಬಂದಿದೆ.

ಮಾಸ್ತರರು ಇದಕ್ಕೆ ತಮ್ಮದೇ ಆದ ಕ್ರಮವನ್ನಿಟ್ಟುಕೊಂಡಿದ್ದಾರೆ, ಅದು ಚೆನ್ನಾಗಿದೆ. ಹೊಟ್ಟಿನ ಮೇಲೆ ಕಾರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ದಾರಿಯ ಅರ್ಧ ಬಿಡುವಿದ್ದರೆ, ಎದುರಿನಿಂದ ಬರುವ ಗಾಡಿ ದಾಟುವವರೆಗೆ ಕಾದು, ಬಿಡುವಿನಲ್ಲಿಯೇ ಹೋಗಬೇಕು. ಎರಡೂ ಮಗ್ಗುಲಿಗೆ ಹರಡಿದ್ದರೆ ಸಣ್ಣ ಗೇರಿನಲ್ಲಿ ನಿಧಾನವಾಗಿ ದಾಟಿ, ಬಯಲು ಡಾಂಬರಿಗೆ ಬಂದ ಮೇಲೆ ಇಳಿದು ಬಾಗಿ ನೋಡಬೇಕು. ಇದಕ್ಕೆಂದೇ ಅವರ ಕಾರಿನ ಡಿಕ್ಕಿಯಲ್ಲಿ ತುದಿ ಬಾಗಿದ ಒಂದು ಕಬ್ಬಿಣದ ಸರಳಿದೆ, ನೀರಿನ ಒಂದು ಕ್ಯಾನಿದೆ, ಬೆಂಕಿಯಾರಿಸುವ ಒಂದು ಪುಟ್ಟ ಸಿಲಿಂಡರೂ ಇದೆ. “ಹೊಟ್ಟು ಹಾಕಿದವರ ಜೋಡಿ ಜಗಳಾ ಮಾಡೂದಿಲ್ಲೇನ್ರಿ?” ಎಂದು ನಾನು ಕೇಳಿದೆ. “ಯಾರ ಜೋಡಿ ಮಾಡ್ಲಿ? ಕೆಳಗಿನ ಓಣಿಯಾಕಿ ನನ್ನ ಶಿಷ್ಯನ ತಾಯಿ. ನಮ್ಮ ಹೆಸರೂ ಹ್ವಾದ ವರ್ಷ ಅಲ್ಲೇ ಬಿದ್ದಿತ್ತು” ಎಂದರು. ಕಾರಿನ ಒಡೆಯನೂ ಅವರೇ, ರಸ್ತೆಯಲ್ಲಿ ಕಾಳು ಹಾಕುವ ಒಕ್ಕಲಿಗನೂ ಅವರೇ. ಹೊರಗಿನಿಂದ ಬಂದು ಕಾನೂನು ಹೇಳುವುದು ಸುಲಭ. ಆದರೂ ಒಂದು ಮಾತನ್ನು ಹೇಳಲೇಬೇಕು: ಕಾರು ಸುಟ್ಟರೆ ಕಾರಿಗೆ ಹೋಯಿತು, ಹೊಟ್ಟಿನ ಮೇಲೆ ಜಾರಿ ಬೀಳುವ ಬೈಕಿನವನಿಗೆ ಹೋಗುವುದು ತಲೆ. ಅಂಚಿಗೆ ಇಡುವ ಆ ಕಲ್ಲುಗಳು ಕತ್ತಲಾದ ಮೇಲೆ ಕಾಣುವುದಿಲ್ಲ; ಕಾಳನ್ನು ಬಾಚಿಕೊಂಡು ಹೋಗುವವರು ಕಲ್ಲನ್ನು ಬಿಟ್ಟು ಹೋಗುವುದು ಮಾತ್ರ ನನಗೆ ಎಷ್ಟು ಯೋಚಿಸಿದರೂ ಸರಿಯೆನಿಸುವುದಿಲ್ಲ.

ಮನೆಗೆ ಬಂದೆವು. ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಕಾರು ನಿಲ್ಲುತ್ತದೆ. ಪಕ್ಕದಲ್ಲಿ ಚೀಲಗಳ ಒಟ್ಟಿಲು, ಅದರಾಚೆ ಮೇವಿನ ಬಣವೆ. ಪೇಟೆಯವರಿಗೆ ಕಾರು ನಿಲ್ಲಿಸಲು ಸ್ಥಳವಿಲ್ಲವೆಂಬ ಚಿಂತೆ. ಇಲ್ಲಿ ಸ್ಥಳವಿದೆ, ಅದರಲ್ಲಿ ಇಲಿಗಳೂ ಇವೆ. ಸುಗ್ಗಿಯ ಕಾಳಿಗೆಂದು ಬಂದ ಇಲಿ ರಾತ್ರಿಯ ಚಳಿಗೆ ಬೆಚ್ಚಗಿನ ಇಂಜಿನ್ನಿನ ಮೇಲೆ ಸಂಸಾರ ಹೂಡುತ್ತದೆ, ಹಲ್ಲು ತಿಕ್ಕಲು ತಂತಿಗಳನ್ನು ಕಡಿಯುತ್ತದೆ. ತಂಬಾಕಿನ ಎಲೆ, ಡಾಂಬರಿನ ಗುಳಿಗೆ, ಮೆಣಸಿನ ಪುಡಿ ಎಲ್ಲ ಪ್ರಯೋಗಗಳೂ ಆಗಿವೆ. ಕೊನೆಗೆ ಫಲ ಕೊಟ್ಟದ್ದು ಮಾಸ್ತರರ ಧರ್ಮಪತ್ನಿಯವರ ಉಪಾಯ: ರಾತ್ರಿ ಕಾರಿನ ಮುಚ್ಚಳವನ್ನು ತೆರೆದಿಡುವುದು, ಕಾಳಿನ ಚೀಲಗಳನ್ನು ಕಾರಿನಿಂದ ದೂರ ಸರಿಸುವುದು, ಒಂದು ಬೆಕ್ಕನ್ನು ಸಾಕುವುದು. ಬೆಳಕು, ಬಯಲು ಎರಡೂ ಇಲಿಗೆ ಆಗದು. ಬೆಕ್ಕಿಗೆ ಕಾರಿನ ನೆತ್ತಿಯ ಮೇಲೆ ಮಲಗುವ ಚಟ ಹತ್ತಿರುವುದು ಬೇರೆಯ ಮಾತು.

ನೀರಿನ ಪ್ರಶ್ನೆಯನ್ನು ಹೆಚ್ಚು ಬೆಳೆಸುವುದಿಲ್ಲ. ಗದಗ ಸೀಮೆಗೆ ಕುಡಿಯುವ ನೀರು ತುಂಗಭದ್ರೆಯ ಹಮ್ಮಿಗಿಯ ಕಡೆಯಿಂದ ಏರಿ ಬರಬೇಕು; ನಲ್ಲಿಯ ಸರದಿಯನ್ನು ದಿನಗಳಿಂದ ಎಣಿಸುವ ಸೀಮೆಯಿದು. ಇಲ್ಲಿ ಕಾರನ್ನು ಕೊಡಗಟ್ಟಲೆ ನೀರಿನಿಂದ ತೊಳೆಯುವವನನ್ನು ನೆರೆಯವರು ಸುಮ್ಮನೆ ನೋಡಿದರೂ ಸಾಕು, ಕೈ ತಾನಾಗಿ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ಗಾಲಿಯ ಕಮಾನಿನೊಳಗೆ ಮೆತ್ತಿದ ಎರೆಯನ್ನು ಹಾಗೆಯೇ ಒಣಗಲು ಬಿಟ್ಟರೆ ತಗಡು ಜಂಗು ತಿನ್ನುತ್ತದೆ. ಒಂದು ಬಕೆಟ್ಟು ನೀರು, ಅದೂ ಗಾಲಿಗಳಿಗೆ ಮೊದಲು. ಮೇಲಿನ ಧೂಳಿಗೆ ಬಟ್ಟೆ ಸಾಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಾರುವುದೋ, ಉಳಿಸುವುದೋ, ಹೊಸದೋ?

ಹದಿನೈದು ವರ್ಷ ತುಂಬಿದ ಕಾರನ್ನು ಸರಕಾರ ಕಿತ್ತುಕೊಳ್ಳುತ್ತದೆಂಬ ಭಯ ಹಳ್ಳಿಗಳಲ್ಲಿ ಹಬ್ಬಿದೆ. ಇದು ದೆಹಲಿಯ ಸುದ್ದಿಯಿಂದ ಹುಟ್ಟಿದ ಭಯ. ವಾಯುಮಾಲಿನ್ಯದ ಕಾರಣದಿಂದ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಸ್ವಂತದ ಕಾರಿಗೆ ಹದಿನೈದು ವರ್ಷವಾದಾಗ ಅದನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ಯೋಗ್ಯವಾಗಿದ್ದರೆ ಇನ್ನು ಐದು ವರ್ಷಕ್ಕೆ ನೋಂದಣಿ ಮುಂದುವರಿಯುತ್ತದೆ. ಹಿಂದೆ ಇದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಇದರ ಮೇಲೆ ಹಸಿರು ತೆರಿಗೆ ಇದೆ. ಮಾಸ್ತರರ ಕಾರು ಕೆಎ 26ರದು, ಎಂದರೆ ಗದಗಿನ ಕಚೇರಿಯದೇ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಗದಗಿನಲ್ಲಿಯೇ ಇಷ್ಟು ಕೆಲಸ ಮುಗಿಯುತ್ತದೆ, ಧಾರವಾಡಕ್ಕೆ ಅಲೆಯಬೇಕಿಲ್ಲ.

ಹೊಸದನ್ನು ಕೊಳ್ಳುವ ಪಕ್ಷಕ್ಕೂ ಬಲವಿತ್ತು. ಸಣ್ಣ ಕಾರುಗಳ ಮೇಲಿನ ತೆರಿಗೆ ಇಳಿಯುತ್ತದೆಂಬ ಸುದ್ದಿ ಆಗಲೇ ಬಂದಿತ್ತು. ಸೆಪ್ಟೆಂಬರ್ 22ರಿಂದ ಅದು ಜಾರಿಗೂ ಬಂದು, ಶೇಕಡಾ 28 ಹಾಗೂ ಅದರ ಮೇಲಿನ ಸೆಸ್ಸು ಹೋಗಿ ಶೇಕಡಾ 18 ಆಯಿತು. ಆದರೆ ಕಿರಿಯ ಮಗ ಅಂಗಡಿಯ ಬೆಲೆಯನ್ನು ಹೇಳುತ್ತಿದ್ದನೇ ಹೊರತು ರಸ್ತೆಗೆ ಇಳಿಸುವ ಬೆಲೆಯನ್ನು ಹೇಳುತ್ತಿರಲಿಲ್ಲ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇಕಡಾ 14, ಆ ತೆರಿಗೆಯ ಮೇಲೆ ಶೇಕಡಾ 11 ಸೆಸ್ಸು. ಆರು ಲಕ್ಷದ ಕಾರಿಗೆ ಇದೊಂದೇ ತೊಂಬತ್ತು ಸಾವಿರವನ್ನು ದಾಟುತ್ತದೆ. ಜೊತೆಗೆ ಮೂರನೆಯ ಪಕ್ಷದ ವಿಮೆಯನ್ನು ಒಮ್ಮೆಲೇ ಮೂರು ವರ್ಷಕ್ಕೆ ಕಟ್ಟಬೇಕು. 2018ರ ಸೆಪ್ಟೆಂಬರಿನಿಂದ ಇದು ಕಡ್ಡಾಯ. ಉಳಿದುದಕ್ಕೆ ಸಾಲ. ಒಂದು ಮಳೆ ತಪ್ಪಿದರೆ ಕಂತು ತಪ್ಪುವ ಒಕ್ಕಲುತನದಲ್ಲಿ ಐದು ವರ್ಷದ ಸಾಲವನ್ನು ಮಾಸ್ತರರು ಹೊಟ್ಟಿನ ಬೆಂಕಿಗಿಂತ ಹೆಚ್ಚಾಗಿ ಹೆದರುತ್ತಾರೆ.

ಮಾರುವ ಪಕ್ಷವೂ ಸುಲಭವಾಗಿ ಬಿಡುವಂಥದಲ್ಲ. ಹಿರಿಯ ಮಗನ ಲೆಕ್ಕ ಬೆಂಗಳೂರಿನ ಲೆಕ್ಕ, ಆದರೂ ಲೆಕ್ಕವೇ. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿ, ವಾರಕ್ಕೊಮ್ಮೆ ಗದಗ. ಗದಗಿಗೆ ಬಸ್ಸುಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಮಾಸ್ತರರ ಧರ್ಮಪತ್ನಿಯವರು ಈಗ ಗದಗಿನ ಸಂತೆಗೆ ಕಾರಿನಲ್ಲಿ ಹೋಗುವುದೇ ಇಲ್ಲ. ಬಸ್ಸಿನಲ್ಲಿ ಗೆಳತಿಯರ ಜೊತೆ ಹೋಗಿ ಬರುತ್ತಾರೆ. “ಕಾರಿನ್ಯಾಗ ಕುಂತ್ರ ಇವರ ಮಾರಿ ನೋಡಬೇಕು, ಬಸ್ಸಿನ್ಯಾಗ ಊರಿನ ಸುದ್ದಿ ಎಲ್ಲಾ ಸಿಗತೈತಿ” ಎಂಬುದು ಅವರ ವಾದ. ಹಾಗಿದ್ದ ಮೇಲೆ ಕಾರು ಕೊಟ್ಟಿಗೆಯಲ್ಲಿ ನಿಂತು ತಿನ್ನುವುದೇಕೆ? ನಿಂತ ಕಾರೂ ತಿನ್ನುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಬ್ಯಾಟರಿ ಸಾಯುತ್ತದೆ, ಟೈರು ಒಂದೇ ಭಾಗದ ಮೇಲೆ ಭಾರ ಹೊತ್ತು ಗಡುಸಾಗುತ್ತದೆ, ವಿಮೆಯ ದಿನ ತಪ್ಪುವುದಿಲ್ಲ. ಇದಕ್ಕೆ ಈಚಿನ ಪೆಟ್ರೋಲಿನ ಚಿಂತೆಯನ್ನೂ ಸೇರಿಸಬೇಕು. 2025ರ ವೇಳೆಗೆ ದೇಶದಲ್ಲೆಲ್ಲ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಶಕ್ತಿ ಅಷ್ಟೇ ಅಳತೆಯ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆ. ಆದುದರಿಂದ ಲೀಟರಿಗೆ ಓಡುವ ದೂರ ಸ್ವಲ್ಪ ಕುಗ್ಗುವುದು ಸಹಜ. 2023ಕ್ಕಿಂತ ಹಿಂದಿನ ಎಷ್ಟೋ ಕಾರುಗಳ ರಬ್ಬರಿನ ಕೊಳವೆಗಳು ಇದನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ. ಹಳೆಯ ಕೊಳವೆಗಳನ್ನು ಬದಲಿಸಿ, ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿಯಲ್ಲಿ ನಿಲ್ಲಿಸದೆ ಓಡಿಸುತ್ತಿರಿ ಎಂದು ಗದಗಿನ ಮಿಸ್ತ್ರಿಯೊಬ್ಬ ಹೇಳಿದ್ದ. ನನಗೆ ಅದು ಸರಿಯಾದ ಮಾತೆನಿಸಿತು.

ಇಷ್ಟೆಲ್ಲ ಕೇಳಿದ ಮೇಲೆ ಮಾರುವುದೇ ವಿವೇಕವೆಂದು ನಾನು ಹೇಳುವವನಿದ್ದೆ. ಆಗ ಮಾಸ್ತರರು ಒಂದು ಹಳೆಯ ಡೈರಿಯನ್ನು ತಂದು ನನ್ನ ಕೈಗಿಟ್ಟರು. ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು, ಕಾರು ಎಂದು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಬರೆದಿಟ್ಟಿದ್ದರು. ತಿರುವಿ ನೋಡಿದೆ. ಹುಬ್ಬಳ್ಳಿ, ವೈದ್ಯರು. ಗದಗ, ಬೀಜ. ಶಿರಹಟ್ಟಿ, ಲಗ್ನ. ಇವುಗಳ ನಡುವೆ ಅಲ್ಲಲ್ಲಿ ಕೆಂಪು ಮಸಿಯಲ್ಲಿ ಒಂದೊಂದು ಸಾಲು: ‘ರಾತ್ರಿ 1. ಹೆರಿಗೆ.’ ‘ರಾತ್ರಿ 11. ಹಾವು.’ ‘ನಸುಕು 4. ಎದೆನೋವು.’ ಹದಿನೈದು ವರ್ಷಗಳಲ್ಲಿ ಕೆಂಪು ಸಾಲುಗಳು ಮೂವತ್ತೊಂದು. ಅವುಗಳಲ್ಲಿ ಅವರ ಸ್ವಂತ ಮನೆಯವು ಎರಡೇ.

108ರ ಗಾಡಿ ಇಲ್ಲವೆಂದಲ್ಲ. 2008ರ ನವೆಂಬರಿನಿಂದ ಆ ಸೇವೆ ನಮ್ಮ ರಾಜ್ಯದಲ್ಲಿದೆ, ಎಷ್ಟೋ ಜೀವಗಳನ್ನು ಉಳಿಸಿದೆ. ದೊಡ್ಡಾಸ್ಪತ್ರೆಯಾದರೋ ಊರಿನ ಮಗ್ಗುಲಿಗೇ ಇದೆ. ಆದರೆ ನಡುರಾತ್ರಿ ಗಾಬರಿಯಾದವನಿಗೆ ಮೊದಲು ನೆನಪಾಗುವುದು ಹತ್ತಿರದ ಬಾಗಿಲು. “ಕಾರ್ ತಗೊಳ್ಳೂದು ದೊಡ್ಡ ಮಾತಲ್ಲ ಅಳಿಯಾರ. ಮಾಸ್ತರ ಮನ್ಯಾಗ ಕಾರ್ ಐತಿ ಅಂತ ಊರಿಗೆ ಗೊತ್ತಾತಂದ್ರ, ಅದನ್ನ ಮಾರೂದು ದೊಡ್ಡ ಮಾತು” ಎಂದರು ಮಾಸ್ತರರು.

ಕೆಂಪು ಸಾಲುಗಳನ್ನು ಕಂಡು ನನ್ನ ಮನಸ್ಸು ಕರಗಿತು, ಆದರೆ ವಿಮೆಯ ಕಾಗದವನ್ನು ತರಿಸಿ ನೋಡಿದಾಗ ಗಾಬರಿಯೂ ಆಯಿತು. ಹಳೆಯ ಕಾರಿಗೆ ಇಷ್ಟು ಸಾಕೆಂದು ಯಾರೋ ಹೇಳಿದುದರಿಂದ ಅವರು ಕೆಲವು ವರ್ಷಗಳಿಂದ ಬರಿಯ ಮೂರನೆಯ ಪಕ್ಷದ ವಿಮೆಯನ್ನು ಕಟ್ಟುತ್ತ ಬಂದಿದ್ದರು. ಕಾನೂನಿಗೆ ಇದು ಸಾಕು. ಆದರೆ ಈ ವಿಮೆ ಕಾಯುವುದು ರಸ್ತೆಯ ಮೇಲಿನ ಇತರರನ್ನು. ಸ್ವಂತದ ಕಾರಿನಲ್ಲಿ ಪುಕ್ಕಟೆಯಾಗಿ ಕುಳಿತು ಬರುವವರಿಗೆ ಅದು ಅನ್ವಯಿಸುವುದಿಲ್ಲವೆಂದು ನ್ಯಾಯಾಲಯಗಳು ಹೇಳಿವೆ. ಎಂದರೆ, ಆ ಕೆಂಪು ಸಾಲಿನ ರಾತ್ರಿಗಳಲ್ಲಿ ಒಂದು ಅಪಘಾತವಾಗಿದ್ದರೆ, ಹಿಂದಿನ ಸೀಟಿನಲ್ಲಿದ್ದ ಬಸುರಿಗೂ ಅವಳ ತಾಯಿಗೂ ಪರಿಹಾರ ಕೊಡಬೇಕಾದವರು ಪಿಂಚಣಿಯ ಮೇಲೆ ಬದುಕುವ ಮಾಸ್ತರರೇ. ಇದಕ್ಕೆ ಪೂರ್ಣ ವಿಮೆ, ಎಂದರೆ ‘ಪ್ಯಾಕೇಜ್’ ಎನ್ನುವುದು, ಸರಿಯಾದ ಉಪಾಯ. ತೀರ ಹಳೆಯ ಕಾರಿಗೆ ಅದನ್ನು ಕೊಡಲು ಕಂಪನಿಗಳು ಹಿಂದೆಮುಂದೆ ನೋಡುವುದುಂಟು. ಆಗ ಸೀಟಿಗೆ ಇಷ್ಟೆಂದು ಪ್ರಯಾಣಿಕರ ಅಪಘಾತ ವಿಮೆಯನ್ನಾದರೂ ಕೂಡಿಸಿಕೊಳ್ಳಬೇಕು. ಒಡೆಯನೇ ನಡೆಸುವಾಗ ಅವನಿಗಿರುವ 15 ಲಕ್ಷದ ಅಪಘಾತ ವಿಮೆ ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಉಪಕಾರವನ್ನು ಪಡೆದವರು ಸುಮ್ಮನಿರುವುದಿಲ್ಲ. ಪೆಟ್ರೋಲಿಗೆಂದು ಐದುನೂರರ ನೋಟನ್ನು ಕಿಸೆಗೆ ತುರುಕುತ್ತಾರೆ. ಕಷ್ಟದ ರಾತ್ರಿಯಲ್ಲಿ ಇದು ಕೃತಜ್ಞತೆ. ಆದರೆ ಅದೇ ಕಾರು ಹಣ ಪಡೆದು ಲಗ್ನಕ್ಕೆ, ಜಾತ್ರೆಗೆ ಓಡತೊಡಗಿದರೆ ಅದು ಬಾಡಿಗೆ. ಬಿಳಿ ಫಲಕದ ಕಾರು ಬಾಡಿಗೆಗೆ ಓಡುವಂತಿಲ್ಲ. ಹಾಗೆ ಓಡಿದಾಗ ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಲು ಅದೇ ಸಾಕು. ಹಳದಿ ಫಲಕದ ಗಾಡಿಯಿಟ್ಟು ತೆರಿಗೆ ಕಟ್ಟಿ ಹೊಟ್ಟೆ ಹೊರೆಯುವ ಹುಡುಗನಿಗೂ ಅದು ಅನ್ಯಾಯ. ಡೈರಿಯಲ್ಲಿ ಲಗ್ನದ ಸಾಲುಗಳು ಕೆಂಪು ಸಾಲುಗಳಿಗಿಂತ ಹೆಚ್ಚಾಗಿದ್ದುವೆಂಬುದನ್ನು ನಾನು ತೋರಿಸಿದೆ. ಮಾಸ್ತರರು ಉತ್ತರ ಕೊಡಲಿಲ್ಲ, ಅವರ ಧರ್ಮಪತ್ನಿಯವರು ಒಳಗಿನಿಂದಲೇ “ಇನ್ನೊಮ್ಮೆ ಹೇಳ್ರಿ” ಎಂದರು.

ಅಪಘಾತದಲ್ಲಿ ಗಾಯಗೊಂಡ ಅಪರಿಚಿತನನ್ನು ಕಾರಿಗೆ ಹತ್ತಿಸಿಕೊಳ್ಳಲು ಅಂಜುವ ಕಾಲವೊಂದಿತ್ತು, ಪೊಲೀಸರ ಪ್ರಶ್ನೆಗಳ ಭಯದಿಂದ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯು ಸದ್ಭಾವದಿಂದ ನೆರವಾಗುವವನಿಗೆ ರಕ್ಷಣೆ ಕೊಟ್ಟಿದೆ. ತನ್ನ ಹೆಸರನ್ನು ಹೇಳಬೇಕೆಂದು ಅವನನ್ನು ಬಲವಂತ ಮಾಡುವಂತಿಲ್ಲ. ಆಸ್ಪತ್ರೆಗೆ ಹೋಗುವ ಇಂಥ ರಸ್ತೆಯಲ್ಲಿ ಕಾರು ನಡೆಸುವ ಪ್ರತಿಯೊಬ್ಬನಿಗೂ ಇದು ಗೊತ್ತಿರಬೇಕು.

ಅದೇ ತಿದ್ದುಪಡಿಯ ಇನ್ನೊಂದು ಭಾಗ ಮಾಸ್ತರರ ಮೊಮ್ಮಗನಿಗೆ ಸಂಬಂಧಿಸಿದ್ದು. ಹುಡುಗನಿಗೆ ಹದಿನಾರು ವರ್ಷ. ಹೊಲದಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ಮುಂದಕ್ಕೆ ಕುಣಿಸುತ್ತಾನೆ. ಕಾರು ಅವನ ಕಣ್ಣಿಗೆ ಆಟದ ಸಾಮಾನು. ಒಂದು ಕೆಂಪು ಸಾಲಿನ ರಾತ್ರಿ ಗಂಡಸರಾರೂ ಮನೆಯಲ್ಲಿರದೆ ಅವನೇ ನಡೆಸಿಕೊಂಡು ಹೋದನಂತೆ. ಊರೆಲ್ಲ ಹೊಗಳಿತು. ಆದರೆ ಅಪ್ರಾಪ್ತನು ವಾಹನ ನಡೆಸಿ ಸಿಕ್ಕಿಬಿದ್ದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಕಾರಿನ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಲೈಸೆನ್ಸು ಇಲ್ಲ. ಇದನ್ನು ಹೇಳಿದಾಗ ಹುಡುಗನ ಮುಖ ಸಣ್ಣದಾಯಿತು. ಕಾನೂನಿನ ಮಾತು ಒತ್ತಟ್ಟಿಗಿರಲಿ. ಬೆಳಕಿಲ್ಲದ ಟ್ರ್ಯಾಕ್ಟರಿನ ಟ್ರೇಲರು, ಹಿಂಬದಿಗೆ ಕೆಂಪು ಕಾಗದದ ಚೂರೂ ಇಲ್ಲದ ಎತ್ತಿನ ಗಾಡಿ, ಬಣ್ಣ ಹಚ್ಚದ ದಿಬ್ಬ, ರಸ್ತೆಯಲ್ಲಿಯೇ ಬೀಡುಬಿಡುವ ಕುರಿಹಿಂಡು, ಇವುಗಳ ನಡುವೆ ರಾತ್ರಿ ಕಾರು ನಡೆಸುವುದು ಅನುಭವಸ್ಥರಿಗೇ ಕಷ್ಟ. ಎರೆಮಣ್ಣಿನ ಮೇಲೆ ಹಾಸಿದ ರಸ್ತೆ ನೇರವಾಗಿ ಕಂಡರೂ ನೇರವಾಗಿರುವುದಿಲ್ಲ. ಕೆಳಗಿನ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ವೇಗದಲ್ಲಿ ಬಂದರೆ ಕಾರು ದೋಣಿಯಂತೆ ಆಡುತ್ತದೆ. ಮಲ್ಲಸಮುದ್ರದ ಸಮುದ್ರ ಇದೇ ಇರಬೇಕು ಎಂದು ಶ್ರೀಮತಿ ದಾರಿಯಲ್ಲಿ ಹೇಳಿದ್ದಳು.

ಮಾರುವುದೇ ಆದರೂ ಎಚ್ಚರ ಬೇಕಿತ್ತು. ಪಕ್ಕದ ಊರಿನವನೊಬ್ಬ ನಗದು ಎಣಿಸಿ, ಕಾಗದಪತ್ರ ಆಮೇಲೆ ನೋಡೋಣವೆಂದು ಹೇಳಿ ಹೋಗಿದ್ದನಂತೆ. ಇಂಥ ‘ಆಮೇಲೆ’ಗಳಿಂದ ಕೆಟ್ಟವರು ಬಹಳ. ಕೊಂಡವನು ಹೆಸರನ್ನು ಬದಲಿಸಿಕೊಳ್ಳದೆ ಓಡಿಸಿ ಯಾರಿಗಾದರೂ ಹೊಡೆದರೆ, ಹೊಣೆ ನೋಂದಣಿ ಪುಸ್ತಕದಲ್ಲಿ ಹೆಸರಿದ್ದವನ ಮೇಲೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ಕೊಟ್ಟಿದೆ. ಮಾರಿದ ಹದಿನಾಲ್ಕು ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರ ಸಹಿಯೂ ಬೀಳದೆ ಕೀಲಿಕೈ ಕೊಡಬಾರದು.

ಮೂರು ದಿನ ಇದ್ದು ಬಂದೆವು. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಮನೆಯವರೆಲ್ಲ ಕೂಡಿದರು. ಬೆಂಗಳೂರಿನ ಮಗ ಫೋನಿನಲ್ಲಿ. ಹೊಸ ಕಾರಿನ ಮಾತು ಹಿಂಗಾರಿನ ಕಡಲೆ ಬರುವವರೆಗೆ ನಿಂತಿತು. ಹಳೆಯದಕ್ಕೆ ಟೈರು, ರಬ್ಬರಿನ ಕೊಳವೆ, ಬ್ಯಾಟರಿಗಳನ್ನು ಹಾಕಿಸಿ ನೋಂದಣಿಯನ್ನು ಮುಂದುವರಿಸುವುದೆಂದಾಯಿತು. ವಿಮೆಗೆ ಪ್ರಯಾಣಿಕರನ್ನು ಸೇರಿಸುವ ಖರ್ಚನ್ನು ಹಿರಿಯ ಮಗನೇ ಒಪ್ಪಿಕೊಂಡ. ಲಗ್ನಕ್ಕೂ ಜಾತ್ರೆಗೂ ಕಾರನ್ನು ಕೊಡುವುದಿಲ್ಲ. ಅದನ್ನು ಊರಿಗೆ ಹೇಳುವ ಕೆಲಸವನ್ನು ಮಾಸ್ತರರ ಧರ್ಮಪತ್ನಿಯವರು ಸಂತೋಷದಿಂದ ವಹಿಸಿಕೊಂಡರು. ರಾತ್ರಿಯ ಬಾಗಿಲು ಮೊದಲಿನಂತೆಯೇ ತೆರೆದಿರುತ್ತದೆ, ಆದರೆ ಲೈಸೆನ್ಸು ಇದ್ದವರ ಕೈಗೆ ಮಾತ್ರ ಕೀಲಿಕೈ. ಮಾಸ್ತರರು ಆಗಲೇ ಒಂದು ಕಾಗದವನ್ನು ತೆಗೆದುಕೊಂಡು ತಮ್ಮ ದುಂಡು ಅಕ್ಷರಗಳಲ್ಲಿ ಹೆಸರುಗಳನ್ನು ಬರೆದು ಕೀಲಿಕೈಯ ಮೊಳೆಯ ಕೆಳಗೆ ಅಂಟಿಸಿದರು. ಮೊದಲನೆಯದು ಅವರದೇ, ಎರಡನೆಯದು ಕಿರಿಯ ಮಗನದು. ಮೂರನೆಯ ಸಾಲನ್ನು ಖಾಲಿ ಬಿಟ್ಟರು. ಅದು ಸೊಸೆಗೆ, ಅವಳ ಕಲಿಕೆಯ ಲೈಸೆನ್ಸು ಬಂದು ಹನ್ನೆರಡು ದಿನಗಳಾಗಿದ್ದುವು, ಪರೀಕ್ಷೆಗೆ ಮೂವತ್ತು ದಿನ ತುಂಬಬೇಕು.